ನಡೆಸುವ ದೇವರು: ಗಡಿನಾಡಿನ ಕ್ರೈಸ್ತ ಭಕ್ತಿಯಲ್ಲಿ ಒಂದು ಕ್ರಿಯಾಪದದ ಅರ್ಥವ್ಯಾಪ್ತಿ

ಪ್ರವೇಶ

ಮಗಳಿಗೆ ಬಂದ ಸಂಬಂಧವನ್ನು ಒಪ್ಪಬೇಕೆ? ಸಾಲಕ್ಕೆ ಹೊಲವನ್ನು ಅಡವಿಡಬೇಕೆ? ಒಕ್ಕಲುತನ ಬಿಟ್ಟು ಇಚಲಕರಂಜಿಯ ಪವರ್‌ಲೂಮ್ ಕೆಲಸಕ್ಕೆ ಹೋಗಬೇಕೆ? ಕೊಲ್ಹಾಪುರ ಜಿಲ್ಲೆಯ ದಾನೋಳಿಯಂಥ ಊರುಗಳಲ್ಲಿ ದೇವರ ಮುಂದೆ ಬರುವ ಪ್ರಶ್ನೆಗಳು ಹೀಗಿರುತ್ತವೆ. ಯಾವ ಧರ್ಮದ ಮನೆಯಾದರೂ ಈ ಪ್ರಶ್ನೆಗಳು ಒಂದೇ. ಕೇಳುವ ಬಗೆ ಬೇರೆ. ಕ್ರೈಸ್ತ ಭಕ್ತರು ಇವನ್ನು ಪ್ರಾರ್ಥನೆಯಲ್ಲಿ ಇಟ್ಟು, ಬೈಬಲ್ ಓದಿ, ‘ದೇವರು ನಡೆಸುತ್ತಾನೆ’ ಎನ್ನುತ್ತಾರೆ. ಆ ‘ನಡೆಸು’ ಎಂಬ ಕ್ರಿಯಾಪದವೇ ಈ ಲೇಖನದ ವಿಷಯ. ದೈವ ಮಾರ್ಗದರ್ಶನದ ಕುರಿತ ಬೈಬಲಿನ ಗಟ್ಟಿ ತಿಳಿವಳಿಕೆಯೊಂದನ್ನು ಈ ಪದ ತನ್ನ ವ್ಯಾಕರಣದಲ್ಲೇ ಹಿಡಿದಿಟ್ಟುಕೊಂಡಿದೆ ಎಂಬುದು ನನ್ನ ವಾದ.

ಎರಡು ಭಾಷೆಗಳ ನಡುವಿನ ನೆಲ

ಕರ್ನಾಟಕ–ಮಹಾರಾಷ್ಟ್ರ ಗಡಿಯ ಈ ಬಯಲಿನ ಎಷ್ಟೋ ಮನೆಗಳ ಆಡುಮಾತು ಕನ್ನಡ. ಶಾಲೆಗೂ ಕಚೇರಿಗೂ ಮರಾಠಿ. ಕ್ರೈಸ್ತ ಧರ್ಮವೂ ಇಲ್ಲಿಗೆ ಎರಡು ಭಾಷೆಗಳ ದಾರಿಯಿಂದ ಬಂತು. ಮರಾಠಿ ಸೀಮೆಯಲ್ಲಿ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಹಾಪುರದಲ್ಲಿ ನೆಲೆನಿಂತರು, ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜಿನ ಆಸ್ಪತ್ರೆಯನ್ನು ತೆರೆದರು. ಕನ್ನಡ ಸೀಮೆಯಲ್ಲಿ ಲಂಡನ್ ಮಿಷನ್ 1820ರಲ್ಲೇ ಬೆಳಗಾವಿಯಲ್ಲಿ ಕೆಲಸ ಆರಂಭಿಸಿತ್ತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅದಕ್ಕೆ ಮೊದಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. ಇಡೀ ಬೈಬಲ್ 1831ರಲ್ಲಿ ಅಚ್ಚಾಗಿ ಹೊರಬಂತು.

ಅನುವಾದಕರ ಕೈಗೆ ಸಿಕ್ಕ ಶಬ್ದಗಳು ಖಾಲಿ ಪಾತ್ರೆಗಳಾಗಿರಲಿಲ್ಲ. ಬೈಬಲಿನ ಅಧ್ಯಾಯದೊಳಗಿನ ಪ್ರತಿ ಪುಟ್ಟ ಭಾಗಕ್ಕೆ ಕನ್ನಡದಲ್ಲಿ ನಿಂತ ಹೆಸರು ‘ವಚನ’. ಶರಣರ ನಾಡಿನಲ್ಲಿ ಆ ಪದ ಕೇಳಿದವರಿಗೆ ಬರೀ ಮಾತು ನೆನಪಾಗುವುದಿಲ್ಲ. ಬದುಕಿ ತೋರಿಸಬೇಕಾದ ಮಾತು ನೆನಪಾಗುತ್ತದೆ. ನುಡಿದಂತೆ ನಡೆಯಬೇಕೆಂಬ ಒತ್ತಾಯ ಆ ಪದದ ಬೆನ್ನಿಗೇ ಇದೆ.

ಅಪ್ಪಣೆ, ಚೀಟಿ, ಉಣ್ಣೆ

ದೇವರ ಮನಸ್ಸನ್ನು ತಿಳಿಯಲು ಈ ಸೀಮೆಯಲ್ಲಿ ಹಳೆಯ ದಾರಿಯೊಂದಿದೆ: ಪ್ರಸಾದ ಕೇಳುವುದು. ಮೂರ್ತಿಗೆ ಏರಿಸಿದ ಹೂ ಬಲಕ್ಕೆ ಬಿದ್ದರೆ ಅಪ್ಪಣೆಯಾಯಿತು ಎನ್ನುತ್ತಾರೆ. ಮರಾಠಿಯವರು ಇದನ್ನು ಕೌಲ ಎನ್ನುತ್ತಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವ ಆತುರ ಸಂಶೋಧಕನಿಗೆ ಸಲ್ಲದು. ದೊಡ್ಡ ನಿರ್ಧಾರವನ್ನು ಒಬ್ಬನೇ ಹೊರಲಾರದ ಮನುಷ್ಯನ ನಿಜವಾದ ದೈನ್ಯ ಅಲ್ಲಿದೆ.

ಕ್ರೈಸ್ತ ಪರಂಪರೆಗೂ ಈ ದೈನ್ಯ ಗೊತ್ತು. ಬೈಬಲಿನ ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಮಂಜು ಎಲ್ಲಿ ಬೀಳುತ್ತದೆಂದು ನೋಡಿ ದೇವರ ಮಾತನ್ನು ಖಚಿತಪಡಿಸಿಕೊಂಡ. ಯೇಸುವಿಗೆ ದ್ರೋಹ ಮಾಡಿದ ಯೂದನ ಜಾಗಕ್ಕೆ ಅಪೊಸ್ತಲರು ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಭಕ್ತರು ಮದುವೆಯ ಸಂಬಂಧಗಳನ್ನೂ ಚೀಟಿಯಿಂದ ಇತ್ಯರ್ಥ ಮಾಡಿದ್ದುಂಟು. ಅವರು ದಿನಕ್ಕೊಂದು ವಚನ ಆರಿಸಿ 1731ರಿಂದ ಪ್ರತಿ ವರ್ಷ ಅಚ್ಚು ಮಾಡುತ್ತ ಬಂದ ಪುಸ್ತಕ ಇಂದಿಗೂ ನಿಂತಿಲ್ಲ. ಬಾಸೆಲ್ ಮಿಷನ್ನಿನ ಬೇರು ಇದ್ದದ್ದೂ ಇದೇ ಬಗೆಯ, ವೈಯಕ್ತಿಕ ಭಕ್ತಿಗೆ ಒತ್ತು ಕೊಡುವ ಪಯಟಿಸ್ಟ್ ಪರಂಪರೆಯಲ್ಲಿ. ಆದ್ದರಿಂದ ಬೆಳಿಗ್ಗೆ ಬೈಬಲ್ ತೆರೆದು ‘ಇವತ್ತಿನ ವಚನ’ಕ್ಕಾಗಿ ಕಾಯುವ ಭಕ್ತರನ್ನು ಪ್ರಸಾದ ಕೇಳುವ ನೆರೆಮನೆಯವರಿಂದ ತೀರ ದೂರದವರೆಂದು ತಿಳಿಯಬೇಕಿಲ್ಲ.

ಆದರೂ ಬೈಬಲ್ ಅಲ್ಲಿಗೇ ನಿಲ್ಲುವುದಿಲ್ಲ. ಪವಿತ್ರಾತ್ಮ ಇಳಿದು ಬಂದ ಪೆಂತೆಕೋಸ್ತ ದಿನದ ಬಳಿಕ ಅಪೊಸ್ತಲರು ಚೀಟಿ ಹಾಕಿದ ಪ್ರಸಂಗ ಮತ್ತೆ ಬರುವುದಿಲ್ಲ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಹೋಗಬೇಕೆಂದಿದ್ದ ದಾರಿಗಳು ಮುಚ್ಚಿದ ಮೇಲೆ ಪೌಲನಿಗೆ ಮಕೆದೋನ್ಯದವನೊಬ್ಬ ಕರೆಯುವ ದರ್ಶನವಾಗುತ್ತದೆ. ಹೊರಡುವ ನಿರ್ಧಾರವನ್ನು ಹೇಳುವಾಗ ಗ್ರಂಥಕಾರ ‘ನಾವು’ ಎನ್ನುತ್ತಾನೆ. ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದದ ಮೂಲಾರ್ಥ ಬಿಡಿ ಸಂಗತಿಗಳನ್ನು ಒಂದಕ್ಕೊಂದು ಕೂಡಿಸುವುದು. ಮುಚ್ಚಿದ ದಾರಿಗಳು, ಒಬ್ಬನ ದರ್ಶನ, ಜೊತೆಗಾರರ ವಿಚಾರ ಇವೆಲ್ಲ ಕೂಡಿದಾಗ ದೇವರ ಚಿತ್ತ ತಿಳಿಯಿತು. ದರ್ಶನ ಕಂಡ ಮೇಲೂ ಕೂತು ಯೋಚಿಸುವ ಕೆಲಸ ಉಳಿದಿತ್ತು.

‘ನಡೆಸು’ ಪದದ ಬಗೆ

ಕನ್ನಡದಲ್ಲಿ ಕಲಿ ‘ಕಲಿಸು’ ಆಗುವಂತೆ ನಡೆ ‘ನಡೆಸು’ ಆಗುತ್ತದೆ. ಕಲಿಸುವವರು ಗುರುಗಳು, ಕಲಿಯಬೇಕಾದದ್ದು ಮಗು. ನಡೆಸುವವಳು ತಾಯಿ, ಊರುವ ಕಾಲು ಮಗುವಿನದು. ಒಯ್ಯುವುದಾದರೆ ಹೊರೆಯನ್ನೂ ಒಯ್ಯಬಹುದು. ಕೈ ಹಿಡಿದು ನಡೆಸಲು ಕಾಲುಳ್ಳ ಜೀವವೇ ಬೇಕು. ‘ದೇವರು ನಡೆಸುತ್ತಾನೆ’ ಎಂಬ ವಾಕ್ಯದಲ್ಲಿ ಕರ್ತೃವಾದ ದೇವರ ಜೊತೆಗೆ, ಹೆಜ್ಜೆ ಹಾಕುವ ಮನುಷ್ಯನೂ ಅಳಿಯದೆ ಉಳಿಯುತ್ತಾನೆ. ಕೃಪೆ ಮತ್ತು ಹೊಣೆ ಎಂದು ದೇವಶಾಸ್ತ್ರ ಎರಡು ಅಧ್ಯಾಯಗಳಲ್ಲಿ ಹೇಳುವುದನ್ನು ಇಲ್ಲಿ ಒಂದು ಪ್ರತ್ಯಯ ಹೇಳಿಬಿಡುತ್ತದೆ.

‘ನಡೆ’ ಎಂದರೆ ನಡಿಗೆ, ನಡತೆಯೂ ಹೌದು. ಹೀಬ್ರೂವಿನ ‘ಹಾಲಖ್’ ಹಾಗೂ ಪೌಲನ ಪತ್ರಗಳ ಗ್ರೀಕ್ ‘ಪೆರಿಪಾತೇಯೋ’ ಪದಗಳಿಗೂ ಇದೇ ಇಬ್ಬಗೆಯ ಅರ್ಥವಿದೆ. ಇನ್ನು ಸಂಸಾರ ನಡೆಸುವುದು, ಅಂಗಡಿ ನಡೆಸುವುದು ಎಂಬ ಬಳಕೆಗಳಿಂದಾಗಿ ದೇವರ ನಡೆಸುವಿಕೆ ಒಲೆ, ಲೆಕ್ಕ, ಸಾಲಗಳ ನಡುವೆಯೇ ಕೇಳಿಸುತ್ತದೆ. ಮರಾಠಿಯ ‘ಚಾಲಣೇ–ಚಾಲವಿಣೇ’ ಜೋಡಿಯೂ ಇದೇ ಅಚ್ಚಿನದು. ತುಕಾರಾಮರ ಪ್ರಸಿದ್ಧ ಅಭಂಗವೊಂದರಲ್ಲಿ ದೇವರು ಜೊತೆಗಾರನಾಗಿ ಕೈ ಹಿಡಿದು ನಡೆಸುತ್ತಾನೆ. ಗಡಿಯ ಭಕ್ತ ಎರಡರಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥಿಸಿದರೂ ಕಿವಿಗೆ ಬೀಳುವ ಭಾವ ಒಂದೇ.

119ನೆಯ ಕೀರ್ತನೆ ಈ ಅರ್ಥಕ್ಕೆ ಬೆಳಕು ಕೊಡುತ್ತದೆ. 22 ಹೀಬ್ರೂ ಅಕ್ಷರಗಳಿಗೆ ತಲಾ ಎಂಟರಂತೆ 176 ವಚನಗಳಿರುವ ಈ ಕೀರ್ತನೆ ದೇವರ ವಾಕ್ಯವನ್ನು ಕಾಲಿನ ದೀಪಕ್ಕೆ ಹೋಲಿಸುತ್ತದೆ. ಹೀಬ್ರೂವಿನ ‘ನೇರ್’ ಎಣ್ಣೆಯ ಪುಟ್ಟ ಹಣತೆ. ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಬಿಡಲು ಹೋಗುವ ರೈತನಿಗೆ ಇದರ ವಿವರಣೆ ಬೇಕಾಗುವುದಿಲ್ಲ. ಹಾವು ಹುಳದ ಭಯಕ್ಕೆ ಅವನು ಬ್ಯಾಟರಿಯನ್ನು ಕಾಲ ಬುಡಕ್ಕೇ ಹಿಡಿಯುತ್ತಾನೆ. ಹೊಲದ ಆಚೆ ತುದಿ ಕತ್ತಲಲ್ಲೇ ಇರುತ್ತದೆ; ಹೆಜ್ಜೆ ಹಾಕಿದಷ್ಟೂ ಬೆಳಕು ಮುಂದೆ ಸರಿಯುತ್ತದೆ.

ಪಂಡಿತಾ ರಮಾಬಾಯಿ: ಒಂದು ನಿದರ್ಶನ

ಎರಡೂ ಭಾಷೆಗಳನ್ನು ಬಲ್ಲ ಒಂದು ಬದುಕಿನಲ್ಲಿ ಈ ನಡೆಸುವಿಕೆಯನ್ನು ಕಾಣಬಹುದು. ಪಂಡಿತಾ ರಮಾಬಾಯಿ 1858ರಲ್ಲಿ ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಜೊತೆ ತೀರ್ಥಕ್ಷೇತ್ರಗಳನ್ನು ಸುತ್ತುತ್ತ ಬೆಳೆದರು. ಬರಗಾಲದಲ್ಲಿ ಕುಟುಂಬ ವ್ರತ, ಸ್ನಾನ, ದಾನಗಳಿಗೆ ಇದ್ದದ್ದನ್ನೆಲ್ಲ ವ್ಯಯಿಸಿ ದೈವದ ಉತ್ತರಕ್ಕೆ ಕಾದದ್ದನ್ನೂ, ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡದ್ದನ್ನೂ ಅವರೇ ಬರೆದಿದ್ದಾರೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಮುಂದೊಂದು ಬರಗಾಲದಲ್ಲಿ, 1896–97ರಲ್ಲಿ, ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವದಲ್ಲಿ ಆ ಹೆಣ್ಣುಮಕ್ಕಳಿಗೆ ಮುಕ್ತಿ ಸದನ ನೆಲೆಯಾಯಿತು. ತಾವು ಅನುಭವಿಸಿದ ಹಸಿವೇ ರಮಾಬಾಯಿಗೆ ದಾರಿ ತೋರಿತ್ತು.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಸಂಸ್ಕೃತದ ಭಾರವಿಲ್ಲದೆ ಹಳ್ಳಿಯ ಹೆಂಗಸರಿಗೆ ಅದು ತಿಳಿಯಬೇಕೆಂಬುದು ಅವರ ಹಟ. ಕೆಲಸ ಮುಗಿಯುವ ಹೊತ್ತಿಗೆ, 1922ರ ಏಪ್ರಿಲ್‌ನಲ್ಲಿ, ತೀರಿಕೊಂಡರು. ದೇವರ ವಾಕ್ಯ ದೀಪವಾಗಬೇಕಾದರೆ ಅದು ಅಡುಗೆಮನೆಯ ಮಾತಿನಲ್ಲಿ ಉರಿಯಬೇಕೆಂದು ಅವರು ಅರಿತಿದ್ದರು.

ಸಮಾರೋಪ

ಅಪ್ಪಣೆ ಒಮ್ಮೆ ಆಗಿ ಮುಗಿಯುತ್ತದೆ. ನಡೆಸುವಿಕೆ ದಿನವೂ ಸಾಗುತ್ತದೆ. ಒಂದು ವಚನವನ್ನು ಎತ್ತಿ ಅದನ್ನೇ ತೀರ್ಪು ಮಾಡಿಕೊಳ್ಳುವ ಓದಿಗೂ ದಿನವೂ ಓದುತ್ತ ನಡೆ ತಿದ್ದಿಕೊಳ್ಳುವ ಓದಿಗೂ ಇರುವ ಅಂತರ ಇಲ್ಲಿಯೇ ಇದೆ. ದಿನವೂ ನಡೆ ತಿದ್ದುವ ಓದು ಅಡುಗೆಮನೆಯ ಮಾತಿನಲ್ಲೇ ಬೇರೂರುತ್ತದೆ; ಗಡಿನಾಡಿನ ಸಭೆಗಳು ಮಕ್ಕಳಿಗೆ ಮನೆಮಾತಿನಲ್ಲಿ ಪ್ರಾರ್ಥನೆ ಕಲಿಸುವುದು ಆ ಕಾರಣಕ್ಕೇ ಮುಖ್ಯ. ಮಗಳ ಸಂಬಂಧದ ಪ್ರಶ್ನೆಗೆ ಬೈಬಲಿನ ಯಾವ ಪುಟದಲ್ಲೂ ವರನ ಹೆಸರು ಸಿಗುವುದಿಲ್ಲ. ಮಗಳ ಮನಸ್ಸನ್ನು ಕೇಳುವ ಪ್ರೀತಿ, ಹಿರಿಯರೊಡನೆ ಕೂತು ಮಾತಾಡುವ ತಾಳ್ಮೆ, ವರದಕ್ಷಿಣೆಗೆ ಒಲ್ಲೆನೆನ್ನುವ ಧೈರ್ಯ ಅದೇ ಓದಿನಿಂದ ಬರುತ್ತವೆ. ದೇವರು ಒಂದು ಮನೆಯನ್ನು ನಡೆಸುವುದು ಹೀಗೆಯೇ.