ಇಲಿಯ ಹೃದಯದ ಚಿತ್ರಣ: ಬೆಳೆದು ಬಂದ ಬಗೆ

ಪ್ರಯೋಗಾಲಯದ ಇಲಿಯ ಹೃದಯ ಎಷ್ಟು ಬಲವಾಗಿ ಕುಗ್ಗುತ್ತದೆ, ಪ್ರತಿ ಬಡಿತಕ್ಕೂ ಎಷ್ಟು ರಕ್ತವನ್ನು ಹೊರದೂಡುತ್ತದೆ ಎಂಬುದನ್ನು ಎದೆ ಸೀಳದೆ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಚಿತ್ರಗಳಿಂದ ಅಳೆಯುವ ವಿಧಾನವಿದು. ಇದು ರೂಪುಗೊಂಡದ್ದು 1990ರ ದಶಕದಲ್ಲಿ.

ಅದಕ್ಕೂ ಮೊದಲು ಹೃದಯವನ್ನು ದೇಹದಿಂದ ಹೊರತೆಗೆದು ನೋಡುವುದೇ ರೂಢಿಯಾಗಿತ್ತು. ಹೊರತೆಗೆದ ಹೃದಯಕ್ಕೆ ಪೋಷಕ ದ್ರವ ಹರಿಸಿ ಬಡಿತ ಉಳಿಸುವ ಪದ್ಧತಿಯನ್ನು ಜರ್ಮನಿಯ ಆಸ್ಕರ್ ಲ್ಯಾಂಗೆನ್‌ಡಾರ್ಫ್ 1895ರಲ್ಲೇ ಪ್ರಕಟಿಸಿದ್ದರು. ಆದರೆ ಹಾಗೆ ನೋಡಿದ ಪ್ರಾಣಿಯನ್ನು ಮತ್ತೆ ನೋಡುವಂತಿಲ್ಲ. ರೋಗ ವಾರದಿಂದ ವಾರಕ್ಕೆ ಹೇಗೆ ಬಲಿಯಿತು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಈ ಕೊರತೆ ತೀವ್ರವಾಗಿ ಕಾಡತೊಡಗಿದ್ದು ಜೀನ್ ತಂತ್ರಜ್ಞಾನ ಬಂದ ಮೇಲೆ. ಮಾರಿಯೊ ಕಪೆಕ್ಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿತೀಸ್ ಅವರ ಕೆಲಸದಿಂದಾಗಿ 1980ರ ದಶಕದ ಕೊನೆಗೆ ಬೇಕಾದ ಜೀನನ್ನು ಕೆಡಿಸಿದ ಇಲಿಗಳನ್ನು ಬೆಳೆಸುವುದು ಸಾಧ್ಯವಾಯಿತು (ಮೂವರಿಗೂ 2007ರಲ್ಲಿ ನೊಬೆಲ್ ಬಂತು). 1991ರಲ್ಲಿ ಹೊವರ್ಡ್ ರಾಕ್‌ಮನ್ ಮತ್ತು ಸಂಗಡಿಗರು ಸ್ಯಾನ್ ಡಿಯಾಗೊದಲ್ಲಿ ಇಲಿಯ ಮಹಾಪಧಮನಿಗೆ ದಾರ ಬಿಗಿದು ಹೃದಯದ ಸ್ನಾಯು ದಪ್ಪವಾಗುವಂತೆ ಮಾಡಿ ತೋರಿಸಿದರು. ರೋಗಿ ಇಲಿಗಳು ಸಿದ್ಧವಾದವು, ಅವುಗಳ ಹೃದಯವನ್ನು ಅಳೆಯುವ ಉಪಕರಣ ಮಾತ್ರ ಇರಲಿಲ್ಲ.

ಇಲಿಯ ಹೃದಯದ ತೂಕ 100ರಿಂದ 150 ಮಿಲಿಗ್ರಾಂ. ದೇಹಕ್ಕೆ ರಕ್ತ ದೂಡುವ ಕೋಣೆಯಾದ ಎಡ ಹೃತ್ಕುಕ್ಷಿ ತುಂಬಿಕೊಂಡಾಗಲೂ ಅದರ ಅಡ್ಡಳತೆ ಸುಮಾರು 4 ಮಿಲಿಮೀಟರ್. ಒಳಗೆ ಹಿಡಿಸುವ ರಕ್ತ ಒಂದು ಹನಿ ನೀರಿನಷ್ಟು. ನಿಮಿಷಕ್ಕೆ 500ರಿಂದ 600 ಬಡಿತ, ಅಂದರೆ ಸೆಕೆಂಡಿಗೆ ಸುಮಾರು ಹತ್ತು. ಸೆಕೆಂಡಿಗೆ 30 ಚಿತ್ರ ತೆಗೆಯುವ ಯಂತ್ರಕ್ಕೆ ಒಂದು ಬಡಿತದಲ್ಲಿ ದಕ್ಕುವುದು ಮೂರೇ ಚಿತ್ರ. ಹೃದಯ ಪೂರ್ತಿ ಹಿಗ್ಗಿದ ಕ್ಷಣವೂ ಪೂರ್ತಿ ಕುಗ್ಗಿದ ಕ್ಷಣವೂ ಅವುಗಳ ನಡುವೆ ತಪ್ಪಿಹೋಗಬಹುದು.

ಪರಿಹಾರ ಸಿಕ್ಕಿದ್ದು ಹಳೆಯ ವಿದ್ಯೆಯೊಂದರಲ್ಲಿ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಸ್ 1953ರಲ್ಲಿ, ಲೋಹದ ಬಿರುಕು ಪತ್ತೆಹಚ್ಚಲೆಂದು ಮಾಡಿದ್ದ ಅಲ್ಟ್ರಾಸೌಂಡ್ ಯಂತ್ರದಿಂದ ಮನುಷ್ಯನ ಹೃದಯದ ಚಲನೆಯನ್ನು ದಾಖಲಿಸಿದ್ದರು. ಅದರಿಂದ ಬೆಳೆದ ‘ಎಂ-ಮೋಡ್’ ಇಡೀ ಚಿತ್ರವನ್ನು ಬಿಡಿಸುವುದಿಲ್ಲ. ಒಂದೇ ಗೆರೆಯ ಗುಂಟ ಹೃದಯದ ಗೋಡೆಗಳ ಏರಿಳಿತವನ್ನು ಸೆಕೆಂಡಿಗೆ ಸಾವಿರದಷ್ಟು ಸಲ ಗುರುತಿಸುತ್ತದೆ. ಇಲಿಯ ವೇಗಕ್ಕೆ ಇದು ಸಾಕು. 1994ರಲ್ಲಿ ಬಾಸ್ಟನ್‌ನ ಸಂಶೋಧಕರು ಜೀವಂತ ಇಲಿಗಳ ಎಡ ಹೃತ್ಕುಕ್ಷಿಯ ತೂಕವನ್ನು ಎಕೋದಿಂದ (ಹೃದಯದ ಅಲ್ಟ್ರಾಸೌಂಡ್‌ನಿಂದ) ಲೆಕ್ಕಹಾಕಿ, ಬಳಿಕ ನಿಜವಾದ ಹೃದಯವನ್ನೇ ತೂಗಿ ತಾಳೆ ನೋಡಿದರು. ಮರುವರ್ಷ ಬ್ರಯನ್ ಹಾಯ್ಟ್ ಮತ್ತು ಸಹೋದ್ಯೋಗಿಗಳು ಫಾಸ್ಫೊಲ್ಯಾಂಬನ್ ಎಂಬ ಪ್ರೋಟೀನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಹೃದಯದ ಕೋಶಗಳಲ್ಲಿ ಕ್ಯಾಲ್ಸಿಯಂ ಪಂಪಿಗೆ ಕಡಿವಾಣ ಹಾಕುವ ಪ್ರೋಟೀನ್ ಅದು. ಅದಿಲ್ಲದ ಹೃದಯ ಹೆಚ್ಚು ಬಿರುಸಾಗಿ ಬಡಿಯುವುದು ಎದೆಯ ಹೊರಗಿನಿಂದಲೇ ಕಾಣಿಸಿತು. ಒಂದು ಜೀನಿನ ಕೆಲಸವನ್ನು ಬದುಕಿರುವ ಪ್ರಾಣಿಯಲ್ಲೇ ಹೀಗೆ ಕಂಡುಕೊಂಡದ್ದು ಈ ಚರಿತ್ರೆಯ ದೊಡ್ಡ ಹೆಜ್ಜೆ ಎನ್ನಬೇಕು.

ಎಂ-ಮೋಡಿಗೆ ಒಂದು ದೌರ್ಬಲ್ಯವಿದೆ. ಒಂದು ಅಡ್ಡಳತೆಯನ್ನು ಘನಕ್ಕೇರಿಸಿ ಗಾತ್ರ ಕಂಡುಹಿಡಿಯುವುದರಿಂದ, 4 ಮಿಲಿಮೀಟರಿನಲ್ಲಿ 0.2 ತಪ್ಪಿದರೂ ಗಾತ್ರದಲ್ಲಿ ಶೇಕಡಾ 16ರಷ್ಟು ವ್ಯತ್ಯಾಸ ಬರುತ್ತದೆ. ಹೃದಯಾಘಾತದಿಂದ ಆಕಾರವೇ ಕೆಟ್ಟ ಹೃದಯಕ್ಕಂತೂ ಈ ಲೆಕ್ಕ ಹೊಂದುವುದೇ ಇಲ್ಲ. ಹೃದಯವನ್ನು ತುದಿಯಿಂದ ಬುಡದವರೆಗೆ ಪದರಪದರವಾಗಿ ಅಳೆಯುವ ಎಂಆರ್‌ಐ ಈ ತೊಡಕನ್ನು ನೀಗಿಸಿತು. 1998ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ತಂಡ 7 ಟೆಸ್ಲಾ ಕಾಂತದಲ್ಲಿ ಇಲಿಯ ಹೃದಯದ ತೂಕವನ್ನೂ ಕೆಲಸವನ್ನೂ ಅಳೆದು ಪ್ರಕಟಿಸಿತು. ಒಂದು ಬಡಿತದಲ್ಲಿ ಚಿತ್ರ ಮುಗಿಯದ ಕಾರಣ ಇಸಿಜಿಯ ತಾಳಕ್ಕೆ ಸರಿಯಾಗಿ ಹಲವಾರು ಬಡಿತಗಳಿಂದ ಮಾಹಿತಿ ಕೂಡಿಸಬೇಕು. ನಿಖರತೆಯಲ್ಲಿ ಇಂದಿಗೂ ಇದೇ ಮಾನದಂಡ. ಆದರೆ ದುಬಾರಿ, ನಿಧಾನ.

ಅಲ್ಟ್ರಾಸೌಂಡ್ ಕೂಡ ಸುಮ್ಮನಿರಲಿಲ್ಲ. ಟೊರೊಂಟೊದಲ್ಲಿ ಸ್ಟುವರ್ಟ್ ಫಾಸ್ಟರ್ ಅವರ ಸಂಶೋಧನೆಯಿಂದ 1999ರಲ್ಲಿ ವಿಷುವಲ್‌ಸಾನಿಕ್ಸ್ ಕಂಪನಿ ಹುಟ್ಟಿತು. ಮನುಷ್ಯರ ಎಕೋದಲ್ಲಿ ಬಳಸುವುದು ಕೆಲವೇ ಮೆಗಾಹರ್ಟ್ಸ್; ಈ ಕಂಪನಿಯ ಯಂತ್ರಗಳಲ್ಲಿ 30 ಮತ್ತು ಅದಕ್ಕೂ ಹೆಚ್ಚು. 30 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ; ಅಲೆ ಕಿರಿದಾದಷ್ಟೂ ಚಿತ್ರ ಸೂಕ್ಷ್ಮ. ಇಷ್ಟು ಹೆಚ್ಚು ಕಂಪನಾಂಕದ ಧ್ವನಿ ದೇಹದಲ್ಲಿ ಹೆಚ್ಚು ಆಳಕ್ಕೆ ಹೋಗದು, ಇಲಿಗೆ ಅಷ್ಟು ಆಳ ಬೇಕಾಗಿಯೂ ಇಲ್ಲ.

ಚಿತ್ರ ಸ್ಪಷ್ಟವಾದಷ್ಟೂ ಇನ್ನೊಂದು ಸಮಸ್ಯೆ ಎದ್ದು ಕಂಡಿತು: ಅರಿವಳಿಕೆ. ಪರೀಕ್ಷೆಗೆ ಇಲಿಯ ಎದೆಯ ಕೂದಲನ್ನು ಕ್ರೀಮು ಹಚ್ಚಿ ತೆಗೆಯುತ್ತಾರೆ. ಬೆಚ್ಚಗಿನ ಹಲಗೆಯ ಮೇಲೆ ಅಂಗಾತ ಮಲಗಿಸಿ, ನಾಲ್ಕೂ ಪಾದಗಳನ್ನು ಇಸಿಜಿ ಬಿಲ್ಲೆಗಳಿಗೆ ಟೇಪಿನಿಂದ ಅಂಟಿಸಿ, ಎದೆಗೆ ಬಿಸಿ ಮಾಡಿದ ಜೆಲ್ ಸುರಿಯುತ್ತಾರೆ. ಜೆಲ್ ತಣ್ಣಗಿದ್ದರೆ ಪುಟ್ಟ ದೇಹ ಬೇಗ ತಂಪಾಗಿ ಬಡಿತ ಕುಸಿಯುತ್ತದೆ. ಆರಂಭದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಕೆಟಮಿನ್–ಕ್ಸೈಲಜಿನ್ ಮಿಶ್ರಣ ಬಡಿತವನ್ನು ಬಹಳ ತಗ್ಗಿಸುತ್ತಿತ್ತು. ಆರೋಗ್ಯವಂತ ಹೃದಯವೂ ದುರ್ಬಲವಾಗಿ ಕಾಣುತ್ತಿತ್ತು. ಆದ್ದರಿಂದಲೇ ಬಡಿತವನ್ನು ಅಷ್ಟಾಗಿ ತಗ್ಗಿಸದ ಐಸೊಫ್ಲುರೇನ್ ಅನಿಲ ಬಳಕೆಗೆ ಬಂತು. ಎಚ್ಚರವಿರುವ ಇಲಿಯನ್ನೇ ಕೈಗೆ ಪಳಗಿಸಿ ಅಳೆಯುವವರೂ ಇದ್ದಾರೆ. ಹೆದರಿಕೆಯಿಂದ ಬಡಿತ ಏರಿದರೆ ಅದೂ ಅಳತೆಗೆ ಸೇರಿಬಿಡುತ್ತದೆ. ಬಡಿತದ ವೇಗ, ಮೈಬಿಸಿ, ಅರಿವಳಿಕೆಯ ಪ್ರಮಾಣ ಮೂರನ್ನೂ ಬರೆಯದ ವರದಿಯನ್ನು ನಂಬುವುದು ಕಷ್ಟ.

2011ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಇಲಿ ಗುಣಲಕ್ಷಣ ಒಕ್ಕೂಟ ಸಾವಿರಾರು ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿದ ಇಲಿಗಳನ್ನು ಪರೀಕ್ಷಿಸುತ್ತಿದೆ. ಆ ಪರೀಕ್ಷೆಗಳಲ್ಲಿ ಎಕೋ ಕೂಡ ಒಂದು. ಕೆಲವು ಕೇಂದ್ರಗಳು ಎಚ್ಚರವಿರುವ ಇಲಿಗಳನ್ನು, ಕೆಲವು ಅರಿವಳಿಕೆ ಕೊಟ್ಟವನ್ನು ನೋಡುವುದರಿಂದ, ಪ್ರತಿ ಕೇಂದ್ರದ ಅಳತೆಯನ್ನು ಅಲ್ಲಿಯದೇ ಆರೋಗ್ಯವಂತ ಇಲಿಗಳೊಂದಿಗೆ ಹೋಲಿಸಲಾಗುತ್ತದೆ.