ಭಗವಾನ್ ಎಂಬ ಮಾತು

ಬುದ್ಧಪೂರ್ಣಿಮೆಯ ಒಂದು ಸಂಜೆ ಆಳಂದದ ನಮ್ಮ ಓಣಿಯ ವಿಹಾರದಲ್ಲಿ ವಂದನೆ ಆಗಷ್ಟೇ ಮುಗಿದಿತ್ತು. ನೆರೆಮನೆಯ ಹುಡುಗನೊಬ್ಬ ಬಳಿಗೆ ಬಂದು, “ಮಾಸ್ತರ್ರೀ, ನಾವು ದೇವರನ್ನ ನಂಬಂಗಿಲ್ಲ ಅಂತೀವಿ, ಮತ್ತ ಬುದ್ಧಗ ಭಗವಾನ್ ಅಂತ ಯಾಕ ಅಂತೀವ್ರಿ?” ಎಂದು ಕೇಳಿದ. ಪಕ್ಕದಲ್ಲಿದ್ದ ಅವನ ಅಜ್ಜನ ಮೋರೆ ಬಾಡಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರರು ಬೋಧಿಸಿದ 22 ಪ್ರತಿಜ್ಞೆಗಳನ್ನು ಓದುಬರಹವಿಲ್ಲದೆಯೂ ಕಂಠಸ್ಥ ಮಾಡಿಕೊಂಡಿದ್ದ ಹಿರಿಯರು ಅವರು. ಅರ್ಥವರಿಯದೆ ಪಠಿಸಿದ ಮಾತು, ಬಿಟ್ಟುಬಂದ ಮನೆಗೇ ನಮ್ಮನ್ನು ಮರಳಿ ಒಯ್ದೀತೆಂಬ ಅಳುಕು ನನಗೂ ಇಲ್ಲದಿರಲಿಲ್ಲ.

‘ಭಗ’ವೆಂದರೆ ಪಾಲು, ಭಾಗ್ಯ. ಅದುಳ್ಳವನು ಭಗವಾನ್. ಈ ಮಾತು ಸೃಷ್ಟಿಕರ್ತನಿಗಷ್ಟೇ ಮೀಸಲಾದುದಲ್ಲ. ಛಾಂದೋಗ್ಯದಲ್ಲಿ ಜ್ಞಾನವನ್ನು ಅರಸಿಬಂದ ನಾರದನು ಸನತ್ಕುಮಾರನನ್ನು ಕರೆಯುವುದೂ ಹೀಗೆಯೇ. ಗುರುವಿಗೆ ಸಲ್ಲುತ್ತಿದ್ದ ಆ ಗೌರವವೇ ಬುದ್ಧನಿಗೂ ಸಂದಿತು. ಬುದ್ಧಘೋಷನಾದರೋ ಇನ್ನೂ ಮುಂದೆ ಹೋಗಿ, ರಾಗ ದ್ವೇಷ ಮೋಹಗಳನ್ನು ಭಗ್ನಗೊಳಿಸಿದವನು ಎಂದು ಪದವನ್ನು ಒಡೆದು ತೋರಿಸುತ್ತಾನೆ. ವ್ಯಾಕರಣ ಒಪ್ಪಲಿ ಬಿಡಲಿ, ನನಗೆ ಆ ಅರ್ಥವೇ ಹೆಚ್ಚು ಪ್ರಿಯ.

‘ಅರಹಂತ’ನೆಂದರೆ ಯೋಗ್ಯ; ಜೈನ ಕವಿಗಳ ‘ಅರುಹ’ನೂ ಇದೇ ಮೂಲದವನು. ಈ ಯೋಗ್ಯತೆ ಹುಟ್ಟಿನಿಂದ ಬಂದುದಲ್ಲ, ಗಳಿಸಿದ್ದು. ‘ಸಮ್ಮಾಸಂಬುದ್ಧ’ನೆಂದರೆ ತಾನಾಗಿ, ಸರಿಯಾಗಿ ಎಚ್ಚೆತ್ತವನು.

ಬಿರುದುಗಳ ಮಾತು ಬಂದಾಗ ಸನ್ನತಿ ನೆನಪಾಗದಿರದು. ಅಫಜಲಪುರ, ಜೇವರ್ಗಿ ಸೀಮೆಗಳನ್ನು ಹಾದು ಭೀಮಾನದಿ ಅಲ್ಲಿಗೆ ಸಾಗುತ್ತದೆ. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಮಹಾಸ್ತೂಪವೊಂದು ಹೊರಬಂತು. ಅದರ ಒಂದು ಶಿಲಾಫಲಕದಲ್ಲಿ ರಾಣಿ, ಪರಿಚಾರಿಕೆಯರೊಡನೆ ನಿಂತ ಅರಸನ ಬಳಿ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಶಾಸನಗಳ ‘ದೇವಾನಾಂಪ್ರಿಯ’ ಅಲ್ಲಿಲ್ಲ. ನಮ್ಮ ನಾಲಗೆಯ ‘ರಾಯ’ ಮಾತ್ರ. ಆ ‘ದೇವಾನಾಂಪ್ರಿಯ’ವನ್ನೋ ಸಂಸ್ಕೃತ ವೈಯಾಕರಣರು ಮುಂದೆ ಮೂರ್ಖನೆಂಬ ಅರ್ಥಕ್ಕೆ ಇಳಿಸಿದರು. ಬಿರುದಿನ ಬೆಲೆಯನ್ನು ಕಟ್ಟುವವರು ಬದಲಾದರೆ ಹೀಗಾಗುತ್ತದೆ.

ಇನ್ನು ‘ಶರಣ’. ಭೇಟಿಯಾದಾಗ ‘ಶರಣು’ ಎನ್ನುವ ನಾಡು ನಮ್ಮದು. ವಚನಕಾರರಲ್ಲಿ ಶರಣನೆಂದರೆ ವ್ಯಕ್ತಿ, ಪಾಲಿಯಲ್ಲಿ ಶರಣವೆಂದರೆ ಆಶ್ರಯ. ಅದರೊಡನೆ ಬರುವ ಕ್ರಿಯಾಪದ ‘ಗಚ್ಛಾಮಿ’, ಹೋಗುತ್ತೇನೆ.

ಇದನ್ನೆಲ್ಲ ಕೇಳಿ ಅಜ್ಜ ಕೊಂಚ ಹೊತ್ತು ಸುಮ್ಮನಿದ್ದರು. “ಹಂಗಾರ ಕಾಲಿಗಿ ಬೀಳೋದಲ್ಲ, ನಡಕೊಂತ ಹೋಗೋದು” ಎಂದರು. ಆಮೇಲೆ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ವಂದನೆಯನ್ನು ಮೊದಲಿನಿಂದ ಹೇಳಿಸತೊಡಗಿದರು. ಈ ಸಲ ಒಂದೊಂದು ಪದಕ್ಕೂ ನಿಲ್ಲಿಸಿ.