ಪಾಲಕ್-ಆರ್ಟಿಚೋಕ್ ಚೀಸ್ ಡಿಪ್: ಮನೆಯಲ್ಲೇ ಮಾಡುವ ವಿಧಾನ, ಇಟ್ಟುಕೊಳ್ಳಬೇಕಾದ ಎಚ್ಚರ

ಗಲ್ಫ್‌ನಲ್ಲಿ ಕುಟುಂಬ ಸಮೇತ ಇರುವವರಿಗೆ ಈ ತಿಂಡಿ ಹೊಸದೇನಲ್ಲ. ಅಲ್ಲಿನ ಹೋಟೆಲ್‌ಗಳಲ್ಲಿ ಅಗಲ ಬಟ್ಟಲಿನಲ್ಲಿ ಕುದಿಯುತ್ತಾ ಬರುವ, ಮೇಲೆ ಚೀಸ್ ಕಂದಿದ, ಒಳಗೆ ಹಸಿರು ಸೊಪ್ಪು ಕಾಣುವ ಬಿಸಿ ಡಿಪ್ ಅನ್ನು ಖುಬೂಸ್ ತುಂಡಿನಲ್ಲಿ ಎತ್ತಿ ತಿಂದವರು ಊರಿಗೆ ಬಂದ ಮೇಲೂ ಅದನ್ನು ನೆನಪಿಸಿಕೊಳ್ಳುತ್ತಾರೆ. ಮಂಗಳೂರು, ಕಾಸರಗೋಡಿನ ಮನೆಗಳಲ್ಲೂ ಈಗ ಓವನ್ ಅಪರೂಪವಲ್ಲ. ಆದರೆ ಮೊದಲ ಸಲ ಮಾಡಿದವರಲ್ಲಿ ಹಲವರ ಅನುಭವ ಒಂದೇ: ಡಿಪ್ ನೀರು ಬಿಡುತ್ತದೆ, ಮೇಲೆ ಎಣ್ಣೆ ತೇಲುತ್ತದೆ, ಚೀಸ್ ರಬ್ಬರ್‌ನಂತೆ ಗಟ್ಟಿಯಾಗುತ್ತದೆ. ಚೀಸ್‌ಗೆ ಕೊಟ್ಟ ದುಡ್ಡೂ ಹೋಯಿತು, ಬಂದ ನೆಂಟರ ಮುಂದೆ ಮರ್ಯಾದೆಯೂ ಹೋಯಿತು. ಕಾರಣ ಗೊತ್ತಿದ್ದರೆ ಇವೆಲ್ಲವನ್ನೂ ತಪ್ಪಿಸಬಹುದು.

ಎಲ್ಲಿಂದ ಬಂತು?

ಇದು ಅಮೆರಿಕದ ತಿನಿಸು. ಮೇಯನೀಸ್, ಚೀಸ್ ಮತ್ತು ಆರ್ಟಿಚೋಕ್ ಬೆರೆಸಿ ಬೇಯಿಸುವ ಡಿಪ್ ಅಲ್ಲಿನ ಮನೆಗಳಲ್ಲಿ ಮೊದಲೇ ಇತ್ತು. ಅದಕ್ಕೆ ಪಾಲಕ್ ಸೇರಿ, ಹೋಟೆಲ್‌ಗಳ ಮೆನುವಿನಲ್ಲಿ ಜನಪ್ರಿಯವಾದದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ಆರ್ಟಿಚೋಕ್ ಎಂದರೆ ಮುಳ್ಳುಗಿಡವೊಂದರ ಅರಳದ ಮೊಗ್ಗು. ಹೊರಗಿನ ಗಟ್ಟಿ ದಳಗಳನ್ನು ತೆಗೆದರೆ ಸಿಗುವ ಮೆತ್ತನೆಯ ತಿರುಳೇ ಡಬ್ಬಿಯಲ್ಲಿ ಬರುವ 'ಆರ್ಟಿಚೋಕ್ ಹಾರ್ಟ್ಸ್'. ಅಮೆರಿಕದಲ್ಲಿ ಇದರ ಬೆಳೆ ಹೆಚ್ಚುಕಡಿಮೆ ಪೂರ್ತಿ ಕ್ಯಾಲಿಫೋರ್ನಿಯಾದ್ದೇ. 2013ರಲ್ಲಿ ಆ ರಾಜ್ಯ ಇದನ್ನು ತನ್ನ ಅಧಿಕೃತ ತರಕಾರಿಯೆಂದು ಘೋಷಿಸಿತು. ಜಗತ್ತಿಗೆ ಹೆಚ್ಚು ಆರ್ಟಿಚೋಕ್ ಕೊಡುವುದು ಮಾತ್ರ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಇಟಲಿ, ಈಜಿಪ್ಟ್, ಸ್ಪೇನ್.

ತಿನಿಸು ಅಮೆರಿಕದ್ದಾದರೂ ಅದರೊಳಗಿನ ಎರಡೂ ಹೆಸರುಗಳ ಹಿಂದೆ ಅರಬಿ ಭಾಷೆಯಿದೆ. ಅರಬಿಯ 'ಅಲ್ ಖುರ್ಶೂಫ್' ಸ್ಪೇನ್, ಇಟಲಿಗಳ ಮೂಲಕ ಹಾದು 'ಆರ್ಟಿಚೋಕ್' ಆಯಿತು. ಪಾಲಕ್‌ನ ಇಂಗ್ಲಿಷ್ ಹೆಸರು 'ಸ್ಪಿನಾಚ್' ಕೂಡ ಪರ್ಷಿಯನ್ ಮೂಲದ್ದು, ಅರಬಿಯ ಮೂಲಕ ಯುರೋಪಿಗೆ ಹೋದದ್ದು. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿದ್ದ ಕೃಷಿ ಪಂಡಿತ ಇಬ್ನುಲ್ ಅವ್ವಾಮ್ ಪಾಲಕನ್ನು 'ಸೊಪ್ಪುಗಳ ನಾಯಕ' ಎಂದು ಕರೆದಿದ್ದರು.

ಬೇಕಾಗುವ ಸಾಮಾನು (6ರಿಂದ 8 ಮಂದಿಗೆ)

- ಬಿಡಿಸಿ ತೊಳೆದ ಪಾಲಕ್ ಎಲೆ: 400 ಗ್ರಾಂ
- ಆರ್ಟಿಚೋಕ್: 1 ಡಬ್ಬಿ (ನೀರು ಬಸಿದ ಮೇಲೆ ಸುಮಾರು 240 ಗ್ರಾಂ), ಇಲ್ಲದಿದ್ದರೆ ಬೇಯಿಸಿದ ಎಳೆ ಗುಜ್ಜೆ 250 ಗ್ರಾಂ
- ಬೆಣ್ಣೆ: 40 ಗ್ರಾಂ
- ಮೈದಾ: 3 ದೊಡ್ಡ ಚಮಚ
- ಹಾಲು: 350 ಮಿ.ಲೀ.
- ಪ್ರೊಸೆಸ್ಡ್ ಚೀಸ್: 100 ಗ್ರಾಂ
- ಮೊಝರೆಲ್ಲಾ ಚೀಸ್: 100 ಗ್ರಾಂ
- ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು: 100 ಗ್ರಾಂ
- ಸಣ್ಣ ನೀರುಳ್ಳಿ 1, ಬೆಳ್ಳುಳ್ಳಿ 4 ಎಸಳು, ಒಳ್ಳೆಮೆಣಸಿನ ಪುಡಿ ಅರ್ಧ ಚಮಚ, ಕುಟ್ಟಿದ ಒಣಮೆಣಸು ಸ್ವಲ್ಪ, ಜಾಯಿಕಾಯಿ ಪುಡಿ ಒಂದು ಚಿಟಿಕೆ

ಉಪ್ಪನ್ನು ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದೆ. ಚೀಸ್‌ನಲ್ಲೂ ಡಬ್ಬಿಯ ಆರ್ಟಿಚೋಕ್‌ನಲ್ಲೂ ಸಾಕಷ್ಟು ಉಪ್ಪಿರುತ್ತದೆ. ಎಲ್ಲ ಬೆರೆಸಿದ ಮೇಲೆ ರುಚಿ ನೋಡಿ, ಬೇಕಿದ್ದರೆ ಮಾತ್ರ ಹಾಕಿದರಾಯಿತು.

ಅಮೆರಿಕದ ಪಾಕದಲ್ಲಿ ಹಾಲು-ಮೈದಾದ ಬಿಳಿ ಸಾಸ್ ಜಾಗದಲ್ಲಿ ಕ್ರೀಮ್ ಚೀಸ್, ಹುಳಿ ಕ್ರೀಮ್, ಮೇಯನೀಸ್ ಇರುತ್ತದೆ. ಕ್ರೀಮ್ ಚೀಸ್ ಸಿಗುವವರು ಅದನ್ನು 225 ಗ್ರಾಂ ತೆಗೆದುಕೊಂಡು, 100 ಮಿ.ಲೀ. ಹಾಲಿನೊಂದಿಗೆ ಸಣ್ಣ ಉರಿಯಲ್ಲಿ ಕರಗಿಸಿ ಬಿಳಿ ಸಾಸ್ ಬದಲು ಬಳಸಬಹುದು. ಊರಿನ ಪೇಟೆಯಲ್ಲಿ ಅದು ದುಬಾರಿ. ಬಿಳಿ ಸಾಸ್‌ನಲ್ಲಿ ಖರ್ಚು ಕಮ್ಮಿ, ಒಡೆಯುವ ಭಯವೂ ಕಮ್ಮಿ.

ಮಾಡುವ ವಿಧಾನ

1. ಸೊಪ್ಪಿನ ನೀರು ತೆಗೆಯುವುದು. ಪಾಲಕ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಕುದಿಯುವ ನೀರಿಗೆ ಎಲೆ ಹಾಕಿ ಒಂದು ನಿಮಿಷ ಬಿಟ್ಟು, ತೆಗೆದು ತಣ್ಣೀರಿಗೆ ಹಾಕಿ. ಆರಿದ ಮೇಲೆ ಎರಡೂ ಅಂಗೈಯಲ್ಲಿ ಒತ್ತಿ ಹಿಂಡಿ. ಅಷ್ಟಕ್ಕೇ ಬಿಡದೆ ತೆಳು ಬಟ್ಟೆಯಲ್ಲಿ ಕಟ್ಟಿ ಇನ್ನೊಮ್ಮೆ ಹಿಂಡಿ. ಬುಟ್ಟಿ ತುಂಬ ಇದ್ದ ಸೊಪ್ಪು ಒಂದೆರಡು ಮುಷ್ಟಿಗೆ ಇಳಿಯುತ್ತದೆ. ಇಷ್ಟೇನಾ ಅಂತ ಗಾಬರಿಯಾಗಬೇಡಿ, ಅದೇ ಸರಿಯಾದ ಅಳತೆ. ಡಿಪ್ ನೀರಾಗುವುದಕ್ಕೆ ಮುಖ್ಯ ಕಾರಣ ಈ ಹಂತದ ಅವಸರ. ಹಿಂಡಿದ ಸೊಪ್ಪನ್ನು ಸಣ್ಣಗೆ ಕೊಚ್ಚಿಡಿ. ಆರ್ಟಿಚೋಕನ್ನೂ ಬಸಿದು, ಹಿಂಡಿ, ಕೊಚ್ಚಿ.

2. ಬಿಳಿ ಸಾಸ್. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ನೀರುಳ್ಳಿ, ಬೆಳ್ಳುಳ್ಳಿಯನ್ನು ಮೆತ್ತಗಾಗುವಷ್ಟು ಬಾಡಿಸಿ. ಕೆಂಪಾಗುವುದು ಬೇಡ. ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ, ಸುಮಾರು ಎರಡು ನಿಮಿಷ ಕೈಬಿಡದೆ ತಿರುಗಿಸಿ. ಉಗುರುಬೆಚ್ಚಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಕಲಸಿ. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ. ನಾಲ್ಕೈದು ನಿಮಿಷ ಕುದಿದು, ಚಮಚದ ಹಿಂಬದಿಗೆ ಅಂಟಿ ನಿಲ್ಲುವಷ್ಟು ದಪ್ಪಗಾದರೆ ಸಾಕು.

3. ಚೀಸ್ ಸೇರಿಸುವುದು. ಒಲೆ ಆರಿಸಿ ಎರಡು ನಿಮಿಷ ಕಾಯಿರಿ. ಆಮೇಲೆ ತುರಿದ ಪ್ರೊಸೆಸ್ಡ್ ಚೀಸ್ ಮತ್ತು ಅರ್ಧ ಭಾಗ ಮೊಝರೆಲ್ಲಾ ಹಾಕಿ ಕರಗುವವರೆಗೆ ತಿರುಗಿಸಿ. ಕೊನೆಗೆ ಮೊಸರು, ಒಳ್ಳೆಮೆಣಸು, ಒಣಮೆಣಸು, ಜಾಯಿಕಾಯಿ, ಪಾಲಕ್, ಆರ್ಟಿಚೋಕ್ ಬೆರೆಸಿ.

4. ಬೇಯಿಸುವುದು. ಓವನ್‌ಗೆ ಇಡಬಹುದಾದ ಪಾತ್ರೆಗೆ ಹಾಕಿ, ಉಳಿದ ಮೊಝರೆಲ್ಲಾ ಮೇಲೆ ಹರಡಿ. ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಇಡಿ. ಅಂಚಿನಲ್ಲಿ ಗುಳ್ಳೆ ಬಂದು ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿದರೆ ಆಯಿತು. ಹೊರತೆಗೆದು ಐದು ನಿಮಿಷ ಬಿಟ್ಟು ಬಡಿಸಿ. ಆಗ ಡಿಪ್ ಸ್ವಲ್ಪ ಬಿಗಿಯುತ್ತದೆ, ಬಾಯಿಯೂ ಸುಡುವುದಿಲ್ಲ.

ಓವನ್ ಇಲ್ಲದಿದ್ದರೆ?

ದಮ್ ಬಿರಿಯಾನಿ ಮಾಡಿ ಗೊತ್ತಿರುವ ಮನೆಗೆ ಇದು ಕಷ್ಟವೇ ಅಲ್ಲ. ದಪ್ಪ ತಳದ ದೊಡ್ಡ ಪಾತ್ರೆಯೊಳಗೆ ಒಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಡಿಪ್ ಇರುವ ಸ್ಟೀಲ್ ಅಥವಾ ಅಲ್ಯೂಮಿನಿಯಂ ಬಟ್ಟಲನ್ನು ಸ್ಟ್ಯಾಂಡ್ ಮೇಲಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿಡಿ. ಸುಮಾರು 25 ನಿಮಿಷಕ್ಕೆ ಅಂಚು ಕುದಿಯುತ್ತದೆ. ಮೇಲ್ಭಾಗ ಕಂದಬೇಕಿದ್ದರೆ ದಮ್‌ಗೆ ಮಾಡುವ ಹಾಗೆಯೇ ಗಟ್ಟಿ ಮುಚ್ಚಳದ ಮೇಲೆ ಕೆಂಡ ಹರಡಬೇಕು. ಕೆಂಡ ಬಳಸುವಾಗ ಬಾಗಿಲು, ಕಿಟಕಿ ತೆರೆದಿರಲಿ. ಬರೀ ಮೈಕ್ರೋವೇವ್‌ನಲ್ಲಿ ಡಿಪ್ ಬಿಸಿಯಾಗುತ್ತದೆ, ಮೇಲ್ಭಾಗ ಕಂದುವುದಿಲ್ಲ. ಅದರಲ್ಲಿ ಗ್ರಿಲ್ ಅಥವಾ ಕನ್ವೆಕ್ಷನ್ ಸೌಲಭ್ಯವಿದ್ದರೆ ಮಾತ್ರ ಸಾಧ್ಯ. ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರ ಬಿಸಿ ಓವನ್‌ಗೆ ಇಡಬಾರದು, ಒಡೆಯುವ ಅಪಾಯವಿದೆ.

ಚೀಸ್ ಯಾಕೆ ಒಡೆಯುತ್ತದೆ?

ಚೀಸ್ ಎಂದರೆ ಹಾಲಿನ ಪ್ರೋಟೀನ್‌ನ ಬಲೆಯೊಳಗೆ ಹಿಡಿದಿಟ್ಟ ಕೊಬ್ಬು ಮತ್ತು ನೀರು. ಆ ಬಲೆಯನ್ನು ಜೋಡಿಸಿ ಹಿಡಿದಿರುವುದು ಮುಖ್ಯವಾಗಿ ಕ್ಯಾಲ್ಸಿಯಂ. ಉರಿ ಜಾಸ್ತಿಯಾದರೆ ಬಲೆ ಕುಗ್ಗಿ ಕೊಬ್ಬನ್ನು ಹೊರಗೆ ಹಿಂಡುತ್ತದೆ. ಮೇಲೆ ತೇಲುವ ಎಣ್ಣೆ ಅದೇ, ಉಳಿದ ರಬ್ಬರ್ ಉಂಡೆಯೂ ಅದೇ. ಸಾಸ್‌ನಲ್ಲಿ ಬೆಂದ ಮೈದಾ ಈ ಕೊಬ್ಬು, ಪ್ರೋಟೀನ್‌ಗಳ ನಡುವೆ ನಿಂತು ಬೇರ್ಪಡದಂತೆ ತಡೆಯುತ್ತದೆ. ಒಲೆ ಆರಿಸಿ ಚೀಸ್ ಹಾಕಬೇಕೆಂದು ಹೇಳುವುದೂ ಇದಕ್ಕೇ.

ಪ್ರೊಸೆಸ್ಡ್ ಚೀಸ್ ಒಡೆಯದಿರಲು ಬೇರೆ ಕಾರಣವಿದೆ. ಅದಕ್ಕೆ ಸೇರಿಸುವ ಸಿಟ್ರೇಟ್, ಫಾಸ್ಫೇಟ್ ಲವಣಗಳು ಕ್ಯಾಲ್ಸಿಯಂ ಹಿಡಿತವನ್ನು ಸಡಿಲಿಸಿ ಚೀಸ್ ನಯವಾಗಿ ಕರಗುವಂತೆ ಮಾಡುತ್ತವೆ. ಇಂಥ ಚೀಸ್ ತಯಾರಿಗೆ ಜೇಮ್ಸ್ ಕ್ರಾಫ್ಟ್ ಅಮೆರಿಕದಲ್ಲಿ 1916ರಲ್ಲಿ ಪೇಟೆಂಟ್ ಪಡೆದಿದ್ದರು. ಮೊಝರೆಲ್ಲಾ ಎಳೆಎಳೆಯಾಗಿ ಬರುತ್ತದೆ, ಪ್ರೊಸೆಸ್ಡ್ ಚೀಸ್ ನಯ ಕೊಡುತ್ತದೆ, ಹಾಗಾಗಿ ಎರಡೂ ಅರ್ಧರ್ಧ ಇರಲಿ. ಚೀಸ್ ಬದಲಿಗೆ ಪನೀರ್ ಹಾಕಿದರೆ ಕರಗುವುದೇ ಇಲ್ಲ. ಹುಳಿ ಹಾಕಿ ಬಿಸಿ ಹಾಲನ್ನು ಒಡೆದು ಮಾಡಿದ ಪನೀರ್ ಕಾಯಿಸಿದರೂ ತುಂಡಾಗಿಯೇ ಉಳಿಯುತ್ತದೆ.

ಊರಿನ ಸೊಪ್ಪು, ಊರಿನ ತರಕಾರಿ

ಪಾಲಕ್ ಸಿಗದಿದ್ದರೆ ಹರಿವೆ ಸೊಪ್ಪು ಆಗುತ್ತದೆ. ಕೆಂಪು ಹರಿವೆ ಹಾಕಿದರೆ ಡಿಪ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ರುಚಿಗೆ ತೊಂದರೆಯಿಲ್ಲ. ನುಗ್ಗೆಸೊಪ್ಪನ್ನು ಸ್ವಲ್ಪವೇ ಬೆರೆಸಬೇಕು, ಜಾಸ್ತಿಯಾದರೆ ಕಹಿ. ಬಸಳೆ ಮಾತ್ರ ಬೇಡ. ಅದರ ಲೋಳೆ ಗಸಿಗೆ ಚಂದ, ಚೀಸ್ ಜೊತೆ ಒಗ್ಗುವುದಿಲ್ಲ.

ಆರ್ಟಿಚೋಕ್ ಬದಲಿಗೆ ಕರಾವಳಿಯಲ್ಲಿ ಗುಜ್ಜೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಬೀಜ ಬಲಿಯದ ಎಳೆ ಗುಜ್ಜೆಯನ್ನು ಉಪ್ಪುನೀರಿನಲ್ಲಿ ಮೆತ್ತಗೆ ಬೇಯಿಸಿ, ಹಿಂಡಿ, ಎಳೆ ಬಿಡಿಸಿ ಕೊಚ್ಚಿದರೆ ಹೆಚ್ಚುಕಡಿಮೆ ಅದೇ ಹದ ಬರುತ್ತದೆ. ಆರ್ಟಿಚೋಕ್‌ನ ಸಣ್ಣ ಹುಳಿಗೆ ಅರ್ಧ ಚಮಚ ನಿಂಬೆರಸ ಸಾಕು.

ಜೊತೆಗೆ ತಿನ್ನಲು ಖುಬೂಸ್, ಸುಟ್ಟ ಬ್ರೆಡ್, ರಸ್ಕ್, ಸೌತೆ, ಕ್ಯಾರೆಟ್ ತುಂಡು ಎಲ್ಲವೂ ಆಗುತ್ತದೆ. ತೆಳ್ಳಗಿನ ಅಕ್ಕಿ ಪತ್ತಿರ್ ಅನ್ನು ಕಾವಲಿಯಲ್ಲಿ ಗರಿಗರಿಯಾಗಿಸಿ ಮುರಿದುಕೊಂಡರೆ ಇನ್ನೂ ಚಂದ.

ಲೇಬಲ್ ಓದಿ

ಹಾಲನ್ನು ಹೆಪ್ಪುಗಟ್ಟಿಸಿ ಚೀಸ್ ಮಾಡಲು ರೆನ್ನೆಟ್ ಎಂಬ ಕಿಣ್ವ ಬೇಕು. ಇದು ಕರುವಿನ ಹೊಟ್ಟೆಯಿಂದಲೂ ಬರಬಹುದು, ಸೂಕ್ಷ್ಮಜೀವಿಗಳಿಂದಲೂ ತಯಾರಾಗಬಹುದು. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಚೀಸ್‌ಗೆ ಕರುವಿನ ರೆನ್ನೆಟನ್ನೇ ಬಳಸಬೇಕೆಂಬ ನಿಯಮವಿದೆ. ಭಾರತದಲ್ಲಿ ಹಸಿರು ಚುಕ್ಕಿಯ ಗುರುತಿರುವ ಚೀಸ್‌ಗೆ ಪ್ರಾಣಿಜನ್ಯ ರೆನ್ನೆಟ್ ಬಳಸುವಂತಿಲ್ಲ. ಹೊರದೇಶದಿಂದ ತಂದ ಪೊಟ್ಟಣವಾದರೆ ಹಲಾಲ್ ಮುದ್ರೆ ಮತ್ತು ಸಾಮಗ್ರಿ ಪಟ್ಟಿ ಎರಡನ್ನೂ ನೋಡಿ. ಕೆಲವು ಹುಳಿ ಕ್ರೀಮ್, ಯೋಗರ್ಟ್‌ಗಳಲ್ಲಿ ಜೆಲಾಟಿನ್ ಇರುತ್ತದೆ. ಹೊರದೇಶದ ಹೋಟೆಲ್‌ಗಳಲ್ಲಿ ಇದೇ ಡಿಪ್‌ಗೆ ಬೇಕನ್ ಅಂದರೆ ಹಂದಿಮಾಂಸ ಸೇರಿಸುವುದೂ ಉಂಟು. ಕೇಳಿಯೇ ತಿನ್ನುವುದು ಒಳ್ಳೆಯದು.

ಕೆಡದಂತೆ ನೋಡಿಕೊಳ್ಳಿ

2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಹಲವರು ಅಸ್ವಸ್ಥರಾಗಿ, ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಿದ್ದನ್ನು ಯಾರೂ ಮರೆತಿಲ್ಲ. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮೇಯನೀಸನ್ನು ನಿಷೇಧಿಸಿತು. ಹೋಟೆಲ್‌ಗೆ ಕಾನೂನಿದೆ, ಮನೆಯ ಅಡುಗೆಮನೆಗೆ ಮಾಡುವವರ ಎಚ್ಚರವೇ ಕಾನೂನು. ಹಾಲು, ಚೀಸ್, ಬೆಂದ ಸೊಪ್ಪು ಸೇರಿದ ಡಿಪ್ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. ಅದಕ್ಕೆ ಕೆಲವು ನಿಯಮ ತಪ್ಪಬಾರದು.

- ಮಾಡುವ ಮುನ್ನ, ವಿಶೇಷವಾಗಿ ಸೊಪ್ಪು ಹಿಂಡುವ ಮುನ್ನ ಸಾಬೂನು ಹಾಕಿ ಕೈ ತೊಳೆಯಿರಿ. ಸೊಪ್ಪನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ.
- ಮನೆಯಲ್ಲಿ ಹಸಿ ಮೊಟ್ಟೆಯಿಂದ ಮಾಡಿದ ಮೇಯನೀಸ್ ಹಾಕಬೇಡಿ. ಬೇಕೇ ಬೇಕಿದ್ದರೆ ಮೊಟ್ಟೆಯಿಲ್ಲದ್ದು ಅಥವಾ ಪಾಶ್ಚರೀಕರಿಸಿದ ಮೊಟ್ಟೆಯ ಪ್ಯಾಕೆಟ್ ಸಾಕು.
- 5ರಿಂದ 60 ಡಿಗ್ರಿ ನಡುವಿನ ಶಾಖದಲ್ಲಿ ರೋಗಾಣು ಬೇಗ ಹೆಚ್ಚುತ್ತವೆ. ಡಿಪ್ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೇಸಿಗೆಯಲ್ಲಿ ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ.
- ಇಫ್ತಾರ್‌ಗೆ ಇಟ್ಟದ್ದನ್ನು ತರಾವೀಹ್ ಮುಗಿಸಿ ಬಂದು ತಿನ್ನುವುದಾದರೆ, ಆ ಪಾಲನ್ನು ಮೊದಲೇ ಬೇರೆ ತೆಗೆದು ಫ್ರಿಜ್‌ನಲ್ಲಿಡಿ. ಮತ್ತೆ ಬಿಸಿ ಮಾಡುವಾಗ ನಡುಭಾಗವೂ ಹಬೆಯಾಡುವಷ್ಟು, ಅಂದರೆ 74 ಡಿಗ್ರಿಯಷ್ಟು ಕಾಯಲಿ.
- ಹಿಂದಿನ ದಿನವೇ ಕಲಸಿಡುವುದಾದರೆ ಬೇಯಿಸದೆ, ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ಬೇಯಿಸಲು ಹತ್ತು ಹದಿನೈದು ನಿಮಿಷ ಹೆಚ್ಚು ಬೇಕು.
- ಉಬ್ಬಿದ, ಸೋರುವ ಡಬ್ಬಿಯನ್ನು ತೆರೆದು ರುಚಿ ನೋಡುವುದೂ ಬೇಡ, ಎಸೆದುಬಿಡಿ.

ರಕ್ತದೊತ್ತಡ ಇರುವವರಿಗೆ ಇದರ ಉಪ್ಪು ಹೆಚ್ಚಾಗಬಹುದು. ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ, ಹಾಗಾಗಿ ಕಿಡ್ನಿ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಕೊಳ್ಳಲಿ. ಉಳಿದವರಿಗೂ ಇದು ದಿನನಿತ್ಯದ ತಿಂಡಿಯಲ್ಲ, ಯಾವಾಗಲೋ ಒಮ್ಮೆ ಸಾಕು.

ತಪ್ಪಾದರೆ ಸರಿಪಡಿಸುವುದು

ಸಾಸ್ ಗಂಟು ಕಟ್ಟಿದರೆ ಚೀಸ್ ಹಾಕುವ ಮೊದಲೇ ಜರಡಿಯಲ್ಲಿ ಸೋಸಿ. ಚೀಸ್ ಹಾಕಿದಾಗ ಎಣ್ಣೆ ಬಿಟ್ಟರೆ ಒಲೆಯಿಂದ ಇಳಿಸಿ, ಎರಡು ಚಮಚ ಬಿಸಿ ಹಾಲು ಹಾಕಿ ಜೋರಾಗಿ ಕದಡಿದರೆ ಬಹುತೇಕ ಸಲ ಕೂಡಿಕೊಳ್ಳುತ್ತದೆ. ತುಂಬಾ ಗಟ್ಟಿಯಾದರೆ ಹಾಲು ಸೇರಿಸಿ. ನೀರಾದರೆ ಚಮಚದಷ್ಟು ಮೈದಾವನ್ನು ಅಷ್ಟೇ ಬೆಣ್ಣೆಯಲ್ಲಿ ಹುರಿದು ಬೆರೆಸಿ, ಮತ್ತೆರಡು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿ. ಮೇಲ್ಭಾಗ ಬೇಗ ಕಪ್ಪಾಗುತ್ತಿದ್ದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಸೊಪ್ಪನ್ನು ಚೆನ್ನಾಗಿ ಹಿಂಡಿ, ಚೀಸನ್ನು ಒಲೆ ಆರಿಸಿ ಹಾಕಿದರೆ ಇದ್ಯಾವುದರ ಅಗತ್ಯವೂ ಬಾರದು.